ಆಯಿಲ್ ಕುಡಿಯೂ ಕಾರು, ನಮ್ಮ ಭಾವಾ, ಮತ್ತ ಮಿಸ್ತ್ರಿ

ಮಿಸ್ತ್ರಿ ಬಲಗೈ ತೋರಬೆರಳಿಗೆ ಉಗುರ ಇರ್ಲಿಲ್ಲ. ಯಾವ ಕಾಲದಾಗೋ ಫ್ಯಾನ್ ಬೆಲ್ಟಿನಾಗ ಸಿಕ್ಕು ಹೋಗಿತ್ತಂತ. ಉಗುರ ಇದ್ದ ಜಾಗಾದಾಗ ತೊಗಲ ಕೆಂಪಗ, ನುಣ್ಣಗ, ಕೂಸಿನ ತುಟಿ ಇದ್ದಂಗ ಇತ್ತು. ಉಳಿದ ಬೆರಳೆಲ್ಲಾ ಕರ್ರಗ. ಸೀಮಿ ಎಣ್ಣಿ ಹಚ್ಚಿ, ಬೂದಿ ಹಚ್ಚಿ, ಸೋಪಿನ ಪುಡಿ ಹಚ್ಚಿ ತಿಕ್ಕಿದ್ರೂ ಹೋಗದ ಕರಿ. ಇಂಜಿನ್ ಆಯಿಲ್ ನೋಡೂದಿದ್ರ ಅಂವಾ ಆ ಉಗುರಿಲ್ಲದ ಬೆರಳಿಗೆ ಒಂದ ಹನಿ ಹಚ್ಕೊಂಡು, ಹೆಬ್ಬೆರಳಿಂದ ಮೆಲ್ಲಕ ತಿಕ್ಕಿ, ಕಣ್ಣ ಮುಚ್ಚಿ ನಿಂದ್ರತಿದ್ದ. ಯಾಕ ಇದ ಬೆರಳು ಅಂತ ಒಮ್ಮೆ ಕೇಳಿದ್ನಿ. "ಉಗುರಿದ್ದ ಬೆರಳಿಗೆ ಸೊಕ್ಕ ಇರತೈತ್ರಿ ಅಕ್ಕಾರ, ತನಗ ಎಲ್ಲಾ ಗೊತ್ತೈತಿ ಅನ್ನತೈತಿ" ಅಂದ.

ಈ ಮನುಷ್ಯಾನ ಗುರ್ತ ನನಗ ಆಗಿದ್ದು ಸಿಟ್ಟಿನಿಂದ. ಸಿಟ್ಟ ಅಂವನ ಮ್ಯಾಲಲ್ಲ, ನಮ್ಮ ಭಾವಾರ ಮ್ಯಾಲ. ಭಾವಾ ಅಂದ್ರ ನಮ್ಮನಿಯವ್ರ ಅಣ್ಣ. ಎದುರಿಗೆ ಭಾವಾರ, ಬರ್ರಿ, ಕುಂದರ್ರಿ ಅಂತೇನಿ. ಇಲ್ಲಿ ಮಾತ್ರ ಅಂವಾ, ಇಂವಾ ಅಂತ ಬರೀತೇನಿ. ಈ ವಯಸ್ಸಿನಾಗ ಫೋನಿನ್ಯಾಗ ಟೈಪ್ ಮಾಡೂದು ಕಲತದ್ದಕ್ಕ ಇಷ್ಟರ ಸುಖಾ ಬ್ಯಾಡೇನು.

ತೊಂಬತ್ತೇಳೋ ತೊಂಬತ್ತೆಂಟೋ ಇರಬೇಕು, ಇಂಡಿಯೊಳಗಿನ ನಮ್ಮ ಮನಿ ಎರಡ ಪಾಲಾತು. ಟ್ರ್ಯಾಕ್ಟರ್ ಭಾವಾಗ, ಹಳೇ ಕಾರು ನಮಗ. ರೋಡಿನ ಮಗ್ಗಲಿನ ಖುಲ್ಲಾ ಜಾಗಾ ಭಾವಾಗ, ಲಿಂಬಿ ತ್ವಾಟ ನಮಗ. ಮನಿ ಮುಂದಿನ ಅಂಗಳದಾಗ ಮ್ಯಾಲಿನ ಅರ್ಧ ಸಪಾಟ, ಕೆಳಗಿನ ಅರ್ಧ ಇಳಿಜಾರ. ಸಪಾಟ ಜಾಗಾದಾಗ ಇಬ್ಬರ ಗಾಡಿನೂ ನಿಂದ್ರಬೇಕು ಅಂತ ನಾಕ ಮಂದಿ ಹಿರ್ಯಾರ ಮುಂದ ಮಾತಾಗಿತ್ತು. ಹದಿನೈದ ದಿನಾ ಆಗಿರ್ಲಿಲ್ಲ, ಭಾವಾ ನಡಕ ಗ್ವಾಡಿ ಕಟ್ಟಿಸಿ, ಸಪಾಟ ಎಲ್ಲಾ ತನ್ನ ಕಡೆ ಮಾಡ್ಕೊಂಡಬಿಟ್ಟ. ಯಾಕ ಅಂತ ಕೇಳಿದ್ರ "ದನಾ ಒಳಗ ಬರ್ತಾವು" ಅಂದ. ನಮ್ಮ ಓಣ್ಯಾಗ ದನಾ ಅಂತ ಇದ್ದದ್ದು ಒಂದ ಮುದಿ ಎಮ್ಮಿ. ಅದನ್ನ ಎಬ್ಬಿಸಿ ನಿಲ್ಲಸಾಕ ಇಬ್ಬರು ಬೇಕಾಗತಿತ್ತು.

ಅಣ್ಣನ ಮುಂದ ನಮ್ಮನಿಯವ್ರ ನಾಲಗಿ ಹಲ್ಲಿನ ಹಿಂದ ಅಡಗಿ ಕುಂಡ್ರತಿತ್ತು. ನಾನೂ ಸುಮ್ಮನಾದ್ನಿ, ಆದ್ರ ಬ್ಯಾರೆ ಕಾರಣಕ್ಕ. ಗ್ವಾಡಿ ಬಗ್ಗೆ ಹೆಣಮಗಳು ಬಾಯಿ ತಗದ್ರ ಸಣ್ಣ ಮಾತು ಅಂತಾರ. ನಾನು ದೊಡ್ಡ ಮಾತಿನ ಹಾದಿ ಕಾಯ್ಕೋತ ಕುಂತ್ನಿ.

ದೊಡ್ಡ ಮಾತು ತಾನಾಗೇ ಬಂತು. ನಮ್ಮ ಪಾಲಿಗೆ ಬಂದ ತಿಂಗಳದಾಗ ಕಾರು ಆಯಿಲ್ ಕುಡಿಯಾಕ ಹತ್ತಿತು.

ನಮ್ಮನಿಯವ್ರದು ಲಿಂಬಿ ವ್ಯಾಪಾರ. ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಅಂತ ತ್ವಾಟ ತ್ವಾಟ ತಿರಗಬೇಕು, ಕಾಯಿ ನೋಡಬೇಕು, ಸೌದಾ ಮಾಡಬೇಕು. ಕಾರಿಲ್ಲ ಅಂದ್ರ ಅನ್ನಾ ಇಲ್ಲ. ಆ ಕಾರು ಹೊಂಟ್ರ ಹಿಂದ ನೀಲಿ ಹೊಗಿ ಏಳತಿತ್ತು, ಒಲಿಯಾಗ ಹಸಿ ಕುಳ್ಳ ಹಾಕಿದಂಗ. ಗೊಳಸಂಗ್ಯಾಗ ಒಬ್ಬ ರೈತ "ಸಾವಕಾರ, ಲಿಂಬಿ ಗಿಡಕ್ಕ ಔಷಧ ಹೊಡ್ಯಾಕ ಬಂದೀರೇನು" ಅಂತ ಕೇಳಿದ್ನಂತ. ನಮ್ಮನಿಯವ್ರು ಅದನ್ನ ಹೇಳಿ ನಕ್ರು. ನನಗ ನಗಿ ಬರ್ಲಿಲ್ಲ. ಭಾವಾನ ಕೈಯಾಗ ಇದ್ದಾಗ ಒಂದ ಎಳಿ ಹೊಗಿ ಬಿಡದ ಕಾರು, ನಮ್ಮ ಕೈಗೆ ಬಂದ ಕೂಡ್ಲೆ ಹಿಂಗ್ಯಾಕ ಆತು? ಇಂಜಿನ್ ಸತ್ತದ್ದು ಗೊತ್ತಿದ್ದ ಕೊಟ್ಟಾನ. ಇದಕ್ಕ ಬ್ಯಾರೆ ಸಾಕ್ಷಿ ಯಾಕ ಬೇಕು?

ಆದ್ರೂ ಸಾಕ್ಷಿ ಕೂಡಸಾಕ ಹತ್ತಿದ್ನಿ. ಹೊಗಿ ಏಳೂದಕ್ಕಿಂತ ಮೊದಲಿಂದ್ಲೂ ನಂದ ಒಂದ ರೂಢಿ ಇತ್ತು, ದಿನಾ ಮುಂಜಾನೆ ಪೂಜಿ ಮುಗಿದ ಮ್ಯಾಲ ಬಾನೆಟ್ ಎತ್ತಿ, ಆಯಿಲ್ ನೋಡೂ ಕಡ್ಡಿ ಹಿರದು, ಸೀರಿ ಚುಂಗಿಲೆ ಒರಸಿ, ಮತ್ತ ಇಟ್ಟು ತಗದು ನೋಡೂದು. ಆ ಕಡ್ಡಿಗೆ ಎರಡ ಗೆರಿ ಇರ್ತಾವು. ಆಯಿಲ್ ಎರಡೂ ಗೆರಿ ನಡಕ ಇರಬೇಕು. ನಮ್ಮ ಕಾರಿನಾಗ ಯಾವಾಗ್ಲೂ ಕೆಳಗಿನ ಗೆರಿಗಿಂತ ಕೆಳಗ. ನಾ ಒಂದ ಡಬ್ಬಿ ತಂದು ಮ್ಯಾಲಿನ ಗೆರಿ ಮುಟ್ಟೂ ಮಟ ಸುರವತಿದ್ನಿ. ನಾಕ ದಿನಕ್ಕ ಮತ್ತ ಕೆಳಗ. ಮತ್ತೊಂದ ಡಬ್ಬಿ. ಖಾಲಿ ಆದ ಡಬ್ಬಿ ಒಗೀತಿರ್ಲಿಲ್ಲ. ಭಾವಾ ಕಟ್ಟಿಸಿದ ಗ್ವಾಡಿ ಮ್ಯಾಲ, ಅವ್ರ ಅಡಗಿ ಮನಿ ಕಿಡಕಿಗೆ ಕಾಣುವಂಗ, ಸಾಲಾಗಿ ಇಡತಿದ್ನಿ. ನನ್ನ ನೆಗೆಣ್ಣಿ, ಭಾವಾನ ಹೆಂಡ್ತಿ, ದಿನಾ ರೊಟ್ಟಿ ಬಡಿಯೂ ಮುಂದ ಅವನ್ನ ನೋಡಬೇಕು. ಹನ್ನೊಂದ ಡಬ್ಬಿ ಆದಾಗ ಆಕಿ ಕಿಡಕಿಗೆ ಪಡದೆ ಹಾಕಿದ್ಲು. ಅವತ್ತ ನಾ ಮನ್ಯಾಗ ಹೋಳಿಗಿ ಮಾಡಿದ್ನಿ.

ಊರಾಗ ಒಬ್ಬ ಮೆಕ್ಯಾನಿಕ್ ಹೊಗಿ ನೋಡಿ, ಬಾನೆಟ್ ಸೈತ ಎತ್ತದ, "ಇಂಜಿನ್ ಕೆಲಸಕ್ಕ ಬಂದೈತ್ರಿ. ಪಿಸ್ಟನ್ನಿನ ರಿಂಗ್ ಸವದ ಹೋಗ್ಯಾವು, ಎಲ್ಲಾ ಬಿಚ್ಚಬೇಕು" ಅಂದ. ನನಗ ಹಬ್ಬ ಆದಂಗ ಆತು. ಪಾಲ ಮಾಡಿದ ಅದ ನಾಕ ಮಂದಿ ಹಿರ್ಯಾರಿಗೆ ಹೇಳಿ ಕಳಸಿದ್ನಿ, ಸೋಮವಾರ ನಮ್ಮ ಅಂಗಳಕ್ಕ ಬರ್ರಿ ಅಂತ. ಸತ್ತ ಇಂಜಿನ್ ಕೊಟ್ಟು ಮೋಸಾ ಮಾಡ್ಯಾನ ಅಂತ ಎಲ್ಲಾರ ಮುಂದ ಸಾಬೀತ ಮಾಡಬೇಕು, ಭಾವಾ ತಲಿ ತಗ್ಗಿಸಿ ಟ್ರ್ಯಾಕ್ಟರ್ ಚಾವಿ ನಮ್ಮ ಕೈಗೆ ಕೊಡಬೇಕು, ಅದನ್ನ ನಾ ನಿಂತ ನೋಡಬೇಕು. ಇಷ್ಟ ನನ್ನ ಆಸೆ. ಆದ್ರ ಆ ಮೆಕ್ಯಾನಿಕ್ಕನ ಮಾತಿಗೆ ತೂಕ ಇರ್ಲಿಲ್ಲ. ಹಿರ್ಯಾರು ಒಪ್ಪಬೇಕಂದ್ರ ಮಿಸ್ತ್ರಿನ ಹೇಳಬೇಕು. ಮುದ್ದೇಬಿಹಾಳದಿಂದ ಗಾಡಿ ಎಳಸ್ಕೊಂಡು ಬರ್ತಿದ್ರು ಅಂವನ ಕಡೆ.

ಮಿಸ್ತ್ರಿ ಗ್ಯಾರೇಜ್ ಅಂದ್ರ ರೋಡಿನ ಮಗ್ಗಲ ಬೇವಿನ ಗಿಡದ ಕೆಳಗ ಒಂದ ತಗಡಿನ ಶೆಡ್ಡು. ಆ ಜಾಗಾನ ಪಾಲಿನಾಗ ಭಾವಾಗ ಹೋಗಿದ್ದು. ಅದು ನನಗ ಗೊತ್ತಿತ್ತು. ಗೊತ್ತಿದ್ದೂ ಅವತ್ತ ಅದರ ಇಚಾರ ನನ್ನ ತಲ್ಯಾಗ ಸುಳೀಲಿಲ್ಲ. ಸಿಟ್ಟ ಬಂದಾಗ ನನಗ ನಂದ ಅಷ್ಟ ಕಾಣತೈತಿ.

ಶನಿವಾರ ನಾವಿಬ್ಬರೂ ಕಾರ್ ತಗೊಂಡು ಹೋದ್ವಿ. ಮಿಸ್ತ್ರಿ ಒಂದ ಇಂಜಿನ್ ಮುಂದ ಕುಂತು ಉರ್ದುದಾಗ ಮಾತಾಡಾಕತ್ತಿದ್ದ. ಇಂಜಿನ್ ಜೋಡಿ ಉರ್ದು, ಮಂದಿ ಜೋಡಿ ಕನ್ನಡ, ಹಂಗ ಅಂವಂದು. ಇಂಜಿನ್ನಿಗೆ ಬೇಟಾ ಅಂತಿದ್ದ. ಮನಶ್ಯಾರಿಗೆ ಹಂಗ ಅಂದದ್ದು ನಾ ಕೇಳಿಲ್ಲ.

"ಹೊಗಿ ಯಾವಾಗ ಬರತೈತ್ರಿ?" ಅಂದ.

"ನಮ್ಮ ಭಾವಾರು ಸತ್ತ ಇಂಜಿನ್ ಕೊಟ್ಟಾರ, ಅದಕ್ಕ ಬರತೈತಿ" ಅಂದ್ನಿ ನಾ.

"ಯಾಕ ಬರತೈತಿ ಅಂತ ಕೇಳಿಲ್ರಿ ಅಕ್ಕಾರ. ಅದು ನನ್ನ ಕೆಲಸಾ. ಯಾವಾಗ ಬರತೈತಿ?"

ನಮ್ಮನಿಯವ್ರು ಇಚಾರ ಮಾಡಿ ಹೇಳಿದ್ರು. "ಮುಂಜಾನೆ ಚಾಲೂ ಮಾಡಿದಾಗ್ಲೂ ಬರತೈತಿ, ದಿನ್ನಿ ಏರೂ ಮುಂದೂ ಬರತೈತಿ, ಇಳಿಯೂ ಮುಂದೂ ಬರತೈತಿ. ಆದ್ರ ಒಂದೈತಿ. ಈಕಿ ಆಯಿಲ್ ಹಾಕಿದ ದಿನಾ ಭಾಳ ಬರತೈತಿ. ನಾಕ ದಿನಾ ಆದ ಮ್ಯಾಲ ಕಮ್ಮಿ ಆಗತೈತಿ."

ಮಿಸ್ತ್ರಿ ಕೈಯಾಗಿನ ನಟ್ ಬಿಚ್ಚೂ ಪಾನಾ ಕೆಳಗಿಟ್ಟು ಅವ್ರ ಮಾರಿ ನೋಡಿದ. ಇಪ್ಪತ್ತ ವರ್ಷದಾಗ ನಮ್ಮನಿಯವ್ರ ಮಾತಿಗೆ ಯಾರರ ಕೆಲಸಾ ಬಿಟ್ಟು ಮಾರಿ ನೋಡಿದ್ದು ಅದ ಮೊದಲಿರಬೇಕು.

"ಬಿಟ್ಟ ಹೋಗ್ರಿ. ನಾಳೆ ಹೇಳ್ತೇನಿ."

"ಬಿಟ್ಟ ಹೋಗಾಂಗಿಲ್ಲ. ನಾ ಇಲ್ಲೇ ಕುಂಡ್ರತೇನಿ" ಅಂದ್ನಿ. ಯಾರನ್ನೂ ನಂಬೂ ಸ್ಥಿತಿಯಾಗ ನಾ ಇರ್ಲಿಲ್ಲ. ಅಂವಾ ಒಂದ ಹಳೇ ಟೈರ್ ಉಳ್ಳಿಸಿಕೊಂಡು ಬಂದು, ಮ್ಯಾಲ ಹಾಳಿ ಹಾಸಿ ಕೊಟ್ಟ. ಆ ಟೈರಿನ ಮ್ಯಾಲ ಕುಂತ ನಾ ಮಿಸ್ತ್ರಿ ಕೆಲಸಾ ನೋಡಿದ್ನಿ.

ಮೊದಲ ಕಾರಿನ ಬುಡಕ ಹಾಳಿ ಹಾಸಿ ಇಂಜಿನ್ ಚಾಲೂ ಇಟ್ಟ. ಒಂದ ಹನಿ ಸೋರಿರ್ಲಿಲ್ಲ. "ಹೊರಗ ಹೋಗಾಂಗಿಲ್ಲ" ಅಂದ. ಆಮ್ಯಾಲ ನಾಕೂ ಪ್ಲಗ್ ಬಿಚ್ಚಿ ಸಾಲಾಗಿ ಇಟ್ಟ. ನಾಕೂ ಒಂದ ನಮೂನಿ ಕರ್ರಗ, ಹಸಿ ಹಸಿ. "ನೋಡ್ರಿ ಅಕ್ಕಾರ, ರಿಂಗ್ ಹೋದ್ರ ಒಂದೊ ಎರಡೊ ಕೆಡತಾವು. ನಾಕೂ ಮಂದಿ ಕೂಡೇ ಕುಡುಕರಾಗೂದು ಭಾಳ ಕಮ್ಮಿ. ಯಾರೋ ಹೊರಗಿನವ್ರು ಕುಡಸಾಕತ್ತಾರ." ಆಮ್ಯಾಲ ಪ್ಲಗ್ ಇದ್ದ ತೂತಿಗೆ ಹೆಬ್ಬಟ್ಟ ಒತ್ತಿ ಹಿಡದು, ನಮ್ಮನಿಯವ್ರಿಗೆ ಚಾವಿ ತಿರಗಸ್ರಿ ಅಂದ. ಒಳಗಿನ ಗಾಳಿ ಫಟ್ ಅಂತ ಹೆಬ್ಬಟ್ಟ ಒಗೀತು. ಆ ತೂತಿನ್ಯಾಗ ಒಂದ ಚಮಚೆ ಆಯಿಲ್ ಬಿಟ್ಟು ಮತ್ತ ಹೆಬ್ಬಟ್ಟ ಒತ್ತಿದ. ರಿಂಗ್ ಸವದಿದ್ರ ಆ ಆಯಿಲ್ ಸಂದಿ ಮುಚ್ಚಿ ಈ ಸಲ ಜೋರ್ ಒಗೀಬೇಕಂತ. ಒಗೀಲಿಲ್ಲ. ಮೊದಲಿದ್ದಷ್ಟ.

"ರಿಂಗ್ ಕಲ್ಲಿದ್ದಂಗ ಅದಾವು" ಅಂದ.

ನಾ ಟೈರಿನ ಮ್ಯಾಲಿಂದ ಎದ್ನಿ. "ಸರ್ಯಾಗಿ ನೋಡ್ರಿ. ಎಲ್ಲಾ ಬಿಚ್ಚಿ ನೋಡ್ರಿ."

"ಮೊದಲ ನೋಡೂದು, ಆಮ್ಯಾಲ ಬಿಚ್ಚೂದು" ಅಂದ. ಇದು ಅಂವಾ ದಿನಕ್ಕ ಹತ್ತ ಸಲ ಹೇಳೂ ಮಾತು. ಹೇಳಿ, ಶೆಡ್ಡಿನ ಕಂಬದ ಕಡೆ ಕೈ ಮಾಡಿ ತೋರಿಸಿದ. ಕಂಬಕ್ಕ ಒಂದ ಮೊಳಿ ಹೊಡದು, ಅದಕ್ಕ ಹಳೇ ಪಿಸ್ಟನ್ ರಿಂಗ್ ಸರಾ ಮಾಡಿ ಹಾಕಿದ್ದ. ಬ್ಯಾರೆ ಮೆಕ್ಯಾನಿಕ್‌ಗೋಳು ನೋಡದ ಬಿಚ್ಚಿ ಒಗದ ಚಲೋ ರಿಂಗ್ ಅವು. ಒಂದೊಂದನ್ನೂ ಮುಟ್ಟಿ ಮುಟ್ಟಿ ಹೇಳ್ದ: "ಇದು ಸಿಂದಗ್ಯಾಂವ ಮಾಡಿದ ಖೂನಿ. ಇದು ಬಾಗೇವಾಡ್ಯಾಂವ ಮಾಡಿದ್ದು. ಇದು ನನ್ನ ಸ್ವಂತ ಅಳ್ಯಾ ಮಾಡಿದ್ದು. ಅಂವನ್ನ ಇನ್ನೂ ನಾ ಮಾತಾಡಸಿಲ್ಲ." ಸೇಡು ಇಟ್ಕೊಳ್ಳೂದ್ರಾಗ ಮನುಷ್ಯಾ ನನಗಿಂತ ಕಮ್ಮಿ ಇರ್ಲಿಲ್ಲ. ಮುಂದ ನಮ್ಮಿಬ್ಬರಿಗೆ ಹೊಂದಿದ್ದು ಅದಕ್ಕ.

ಕಡೀಕ ಏರ್ ಫಿಲ್ಟರ್ ಡಬ್ಬಿ ಮುಚ್ಚಳ ತಗದ. ಗಾಳಿ ಸೋಸೂ ಡಬ್ಬಿ ಅದು. ಒಣಾ ಇರಬೇಕು. ಅದರಾಗ ಆಯಿಲ್ ನಿಂತಿತ್ತು, ಕೆರ್ಯಾಗ ನಿಂತಂಗ. ಮಿಸ್ತ್ರಿ ಉಗುರಿಲ್ಲದ ಬೆರಳ ಅದ್ದಿ, ಕಣ್ಣ ಮುಚ್ಚಿ ತಿಕ್ಕಿ, ಒಂದೀಟ ನಕ್ಕ. ಆಮ್ಯಾಲ ಆಯಿಲ್ ಕಡ್ಡಿ ಹಿರದ. ಮ್ಯಾಲಿನ ಗೆರಿಗಿಂತ ಎರಡ ಬೆರಳ ಮ್ಯಾಲ ಇತ್ತು ಆಯಿಲ್.

"ಯಾರ ಸುರವತಾರಿದನ್ನ?"

"ನಾನ" ಅಂದ್ನಿ. "ಕಮ್ಮಿ ಇದ್ದಾಗ ಅಷ್ಟ ಹಾಕ್ತೇನಿ. ನಿನ್ನೆ ನಮ್ಮ ಅಂಗಳದಾಗ ನೋಡಿನಿ, ಕೆಳಗಿನ ಗೆರಿಗಿಂತ ಕೆಳಗ ಇತ್ತು."

"ನಡ್ರಿ, ನಿಮ್ಮ ಅಂಗಳ ನೋಡೂಣು."

ಅಂಗಳಕ್ಕ ಬಂದ. ಕಾರು ದಿನಾ ನಿಲ್ಲಸಿದಂಗ ನಿಲ್ಲಸ್ರಿ ಅಂದ. ರಾತ್ರಿ ನಿಂತ್ರ ಮುಂಜಾನೆ ನಮ್ಮ ಬ್ಯಾಟರಿ ಸತ್ತಂಗ ಆಗತಿತ್ತು. ಅದಕ್ಕ ಇಳಿಜಾರಿನ್ಯಾಗ ಕಾರಿನ ಮಾರಿ ಕೆಳಗ ಮಾಡಿ ನಿಲ್ಲಸಿ, ಗಾಲಿಗೆ ಕಲ್ಲ ಕೊಡತಿದ್ವಿ. ಮುಂಜಾನೆ ಕಲ್ಲ ತಗದ್ರ ಉಳ್ಳಕೋತ ಹೋಗಿ ತಾನ ಚಾಲೂ ಆಗತಿತ್ತು. ಮಿಸ್ತ್ರಿ ಅದನ್ನ ನೋಡಿ, "ಅಕ್ಕಾರ, ಒಂದ ಕಪ್ ಚಹಾ ಕೊಡ್ರಿ" ಅಂದ. ನನಗ ಅಂವನ ಮ್ಯಾಲ ಸಿಟ್ಟ ಏರಿತ್ತು. ಸಕ್ರಿ ಹಾಕದ ಚಹಾ ಕೊಟ್ನಿ. ಅಂವಾ ಬಶಿಗೆ ಚಹಾ ಸುರವಿ, ಬಶಿ ಬಾನೆಟ್ ಮ್ಯಾಲ ಇಟ್ಟ. ಚಹಾ ಎಲ್ಲಾ ಬಶಿಯ ಮುಂದಿನ ಅಂಚಿಗೆ ಹೋಗಿ ನಿಂತಿತು. ಹಿಂದಿನ ಅಂಚ ಒಣಾ.

"ಇಂಜಿನ್ನಿನ ಒಳಗೂ ಹಿಂಗ ಆಗೇತಿ. ಆಯಿಲ್ ಎಲ್ಲಾ ಮುಂದ ಸರೀತೈತಿ. ಕಡ್ಡಿ ಇರೂದು ಹಿಂದ. ಕಡ್ಡಿಗೆ ಆಯಿಲ್ ಹತ್ತಾಂಗಿಲ್ಲ, ನೀವು ಕಮ್ಮಿ ಆಗೇತಿ ಅಂತ ಸುರವತೀರಿ. ರೋಡಿಗೆ ಹೋದ ಮ್ಯಾಲ ಜಾಸ್ತಿ ಆದ ಆಯಿಲ್ ಅದು ಎಲ್ಲಿ ಇಟ್ಕೋಬೇಕು? ಗಾಳಿ ಹೋಗೂ ಪೈಪಿನ್ಯಾಗ ಏರಿ, ಫಿಲ್ಟರಿಗೆ ಬಂದು, ಗಾಳಿ ಕೂಡ ಒಳಗ ಹೋಗಿ ಸುಡತೈತಿ. ಇಂಜಿನ್ ಚಲೋ ಐತ್ರಿ. ಕುಡಿಸಿದವ್ರು ನೀವು."

ಅಷ್ಟ ಹೇಳಿ ಚಹಾ ಕುಡದ. ಕುಡದು, "ನನಗ ಸಕ್ರಿ ಬ್ಯಾನಿ ಐತಿ ಅಂತ ನಿಮಗ ಯಾರ ಹೇಳಿದ್ರಿ? ನನ್ನ ಮನ್ಯಾಕಿ ಸೈತ ಇಷ್ಟ ಕಾಳಜಿ ಮಾಡಾಂಗಿಲ್ಲ" ಅಂದ.

ಗ್ವಾಡಿ ಮ್ಯಾಲ ಡಬ್ಬಿ ಸಾಲಿನ ನಡಕ ಭಾವಾನ ತಲಿ ಕಾಣಾಕತ್ತಿತ್ತು. ಎಲ್ಲಾ ಕೇಳಿದ್ದ. ಅಂವನ ಮಾರಿ ಮ್ಯಾಲಿನ ನಗಿ ನೋಡಿ ನನ್ನ ಮೈ ಉರದುಹೋತು. ಮಿಸ್ತ್ರಿನ ಪಡಸಾಲಿಗೆ ಕರದು, ದನಿ ಸಣ್ಣ ಮಾಡಿ ಹೇಳಿದ್ನಿ, "ನೋಡ್ರಿ ಮಿಸ್ತ್ರಿ, ಹಿರ್ಯಾರನ್ನ ಕರದ ಬಿಟ್ಟೇನಿ. ಸೋಮವಾರ ನೀವು ಒಂದ ಮಾತ ಹೇಳ್ರಿ, ಇಂಜಿನ್ ಮೊದಲಿಂದ ಕೆಟ್ಟಿತ್ತು ಅಂತ. ಗ್ವಾಡಿ ಕಟ್ಟಿ ಹೊಟ್ಟಿ ಉರಸ್ಯಾನ ಅಂವಾ. ನನಗ ಅಂವನ ಮಾರಿ ಸಣ್ಣದಾದದ್ದ ನೋಡಬೇಕಾಗೇತಿ."

ಮಿಸ್ತ್ರಿ ಅರಿವಿಗೆ ಕೈ ಒರಸ್ಕೊಂಡ.

"ಸೇಡು ಬಿಡ್ರಿ ಅನ್ನಾಂಗಿಲ್ಲ ನಾ" ಅಂದ. "ನಂದ ಕಂಬಕ್ಕ ಜೋತ ಬಿದ್ದೈತಿ, ನೋಡೀರಿ. ಆದ್ರ ನನ್ನ ಮೊಳಿ ಮ್ಯಾಲ ಸುಳ್ಳ ರಿಂಗ್ ಒಂದೂ ಇಲ್ರಿ. ಇಂಜಿನ್ ಕೆಟ್ಟೈತಿ ಅಂತ ನಾ ಅಂದ್ರ ನಾಳೆ ಬ್ಯಾರೆಯಂವಾ ಬಿಚ್ಚಿ ನೋಡ್ತಾನ, ಭಾವಾ ಖರೇ ಆಗ್ತಾನ. ಜೀವ ಇರೂ ಮಟ ಖರೇ ಆಗ್ತಾನ. ಅದು ಬೇಕೇನ ನಿಮಗ?"

"ಮತ್ತ ನಾ ಏನ ಮಾಡ್ಲಿ?"

"ಕಾರು ಇಳಿಜಾರಿನ್ಯಾಗ ಯಾಕ ನಿಂತೈತಿ?"

"ಮತ್ತೆಲ್ಲಿ ನಿಲ್ಲಸಬೇಕು? ಸಪಾಟ ಜಾಗಾ ಎಲ್ಲಾ ಗ್ವಾಡಿ ಆ ಕಡೆ..."

ಅಷ್ಟ ಅಂದ ಕೂಡ್ಲೆ ನಾ ತಿರುಗಿ ಗ್ವಾಡಿ ನೋಡಿದ್ನಿ. ಮಿಸ್ತ್ರಿ ಚಪ್ಪಲಿ ಹಾಕ್ಕೊಂಡು, "ಸೋಮವಾರ ಬರ್ತೇನ್ರಿ. ನೋಡಿದ್ದ ಹೇಳ್ತೇನಿ, ನೋಡಿದ್ದೆಲ್ಲಾ ಹೇಳ್ತೇನಿ" ಅಂತ ಹೋದ.

ಆದ್ರ ಮೊದಲ ಬಾಯಿ ತಗೀಬೇಕಾದಾಕಿ ನಾನ ಆಗಿದ್ನಿ. ಹನ್ನೊಂದ ಡಬ್ಬಿ ಆಯಿಲ್ ನಾನ ಸುರವಿ ಕಾರ್ ಕೆಡಸಿನಿ ಅಂತ ಇಡೀ ಓಣಿ ಮುಂದ ಒಪ್ಕೋಬೇಕು. ಆಯಿತವಾರ ಇಡೀ ದಿನಾ ಅದನ್ನ ನುಂಗಾಕ ಪ್ರಯತ್ನ ಮಾಡಿದ್ನಿ.

ಸೋಮವಾರ ಹಿರ್ಯಾರು ಬಂದು ಜಮಖಾನದ ಮ್ಯಾಲ ಕುಂತ್ರು. ಭಾವಾ ಇಸ್ತ್ರಿ ಅಂಗಿ ಹಾಕ್ಕೊಂಡು ಮಾಲಿ ಹಾಕಿಸ್ಕೊಳ್ಳಾಕ ಬಂದಂಗ ಬಂದ. ಮಾಳಗಿ ಮ್ಯಾಲ ಹೆಣಮಕ್ಕಳು ತುಂಬಿದ್ರು. ನಾನು ತಲಿ ಮ್ಯಾಲ ಸೆರಗ ಹೊತ್ತು ಬಾಗಲದಾಗ ನಿಂತು ಹೇಳಿದ್ನಿ. "ಇಂಜಿನ್ ಚಲೋ ಐತ್ರಿ. ಭಾವಾರ ಕಡೆ ಇಂಜಿನ್ ತಪ್ಪಿಲ್ಲ. ನಾನ ಜಾಸ್ತಿ ಆಯಿಲ್ ಸುರವಿ ಹೊಗಿ ಬರಿಸೇನಿ."

ಮಾಳಗಿ ಮ್ಯಾಲ ನಗಿ ಎದ್ದಿತು. ನನ್ನ ನೆಗೆಣ್ಣಿ ಸೆರಗ ಬಾಯಾಗ ತುರಕೊಂಡು ನಗತಿದ್ಲು. ಮುಂದ ಎರಡ ವರ್ಷ ಓಣ್ಯಾಗ ನನಗ ಆಯಿಲ್ ಡಬ್ಬಿ ಅಂತ ಹೆಸರ ಬಿತ್ತು. ನೀರಿನ ಸಾಲಿನ್ಯಾಗ ನಿಂತ್ರ "ಆಯಿಲ್ ಡಬ್ಬಿ ಬಂತು, ದಾರಿ ಬಿಡ್ರೇ" ಅಂತಿದ್ರು.

"ಆತಲ್ಲ, ಏಳೂಣು" ಅಂದ ಭಾವಾ.

"ಕುಂದರ್ರಿ" ಅಂದ್ನಿ. "ಯಾಕ ಸುರವಿದ್ನಿ ಅಂಬೂದು ಹೇಳೂದೈತಿ. ಮಿಸ್ತ್ರಿ, ತೋರಸ್ರಿ."

ಮಿಸ್ತ್ರಿ ಇಳಿಜಾರಿನ್ಯಾಗ ನಿಂತ ಕಾರಿನ ಕಡ್ಡಿ ಹಿರದು ಹಿರ್ಯಾರ ಕೈಯಾಗ ಕೊಟ್ಟ. ಕೆಳಗಿನ ಗೆರಿ ಸೈತ ಮುಟ್ಟಿರ್ಲಿಲ್ಲ. ಆಮ್ಯಾಲ, "ಇದ ಕಾರು ಸಪಾಟ ಜಾಗಾದಾಗ ನಿಲ್ಲಸಬೇಕ್ರಿ. ಭಾವಾರ ಕಡೆ ಗೇಟ್ ತಗೀಬೇಕಾಗತೈತಿ" ಅಂದ. ಹಿರ್ಯಾರು ನೋಡಿದ್ರು, ಭಾವಾ ತಗೀಲೇಬೇಕಾತು. ನಾಕ ಮಂದಿ ಕಾರ್ ನೂಕಿ ಗ್ವಾಡಿ ಸುತ್ತ ಹಾಯಿಸಿ ಆ ಕಡೆ ನಿಲ್ಲಸಿದ್ರು. ಆಯಿಲ್ ಇಳೀಲಿ ಅಂತ ಒಂದ ಸಲ ಚಹಾ ಆತು. ಮತ್ತ ಕಡ್ಡಿ ಹಿರದ. ಗೆರಿಗಿಂತ ಎರಡ ಬೆರಳ ಮ್ಯಾಲ.

ಹಿರ್ಯಾರ ಪೈಕಿ ವಯಸ್ಸಾದವ್ರು ಕನ್ನಡಕ ಹಾಕ್ಕೊಂಡು ಕಡ್ಡಿ ನೋಡಿದ್ರು, ನೆಲ ನೋಡಿದ್ರು, ಗ್ವಾಡಿ ನೋಡಿದ್ರು. "ಈ ಸಪಾಟ ಜಾಗಾದಾಗ ಇಬ್ಬರ ಗಾಡಿ ನಿಂದ್ರಬೇಕಂತ ನಾವ ಹೇಳಿದ್ವಿ ಅಲ್ಲೇನು? ಈ ಗ್ವಾಡಿ ಯಾವಾಗ ಬಂತು?"

"ದನಾ ಒಳಗ ಬರ್ತಾವ್ರಿ" ಅಂದ ಭಾವಾ.

"ಯಾರ ದನಾ?"

ಮಾಳಗಿ ಮ್ಯಾಲಿಂದ ಯಾರೋ ಎಮ್ಮಿಯಂಗ ಒದರಿದ್ರು. ಈ ಸಲದ ನಗಿ ನನ್ನ ಕಡೆ ಇತ್ತು.

ಎರಡ ಗಾಡಿ ಹೋಗುವಷ್ಟ ಗ್ವಾಡಿ ಒಡಿಯಬೇಕು, ಕಟ್ಟಿಸಿದಂವನ ಒಡಿಯಬೇಕು ಅಂತ ತೀರ್ಮಾನ ಆತು. ಮರುದಿನ ಭಾವಾ ಹಾರಿ ತಗೊಂಡು ತನ್ನ ಕೈಲೆ ಒಡಿಯಾಕ ಹತ್ತಿದ. ನಾನು ತಂಬಿಗಿ ತಿಕ್ಕಿ ಫಳಫಳ ಮಾಡಿ, ತಣ್ಣಗಿನ ನೀರ ತುಂಬಿ ಕೊಟ್ನಿ. "ಭಾವಾರ, ಬಿಸಲ ಭಾಳೈತಿ, ಕುಡೀರಿ. ಅವಸರ ಏನೈತಿ, ಮೆಲ್ಲಕ ಒಡೀರಿ." ಅಂವಾ ನೀರ ಕುಡೀಲಿಲ್ಲ. ಆದ್ರ ಅಂವಾ ಒಡಿಯೂ ಮಟ ನಾ ಅಲ್ಲೇ ಕುಂತು ಕಡ್ಲಿ ಹಸನ ಮಾಡಿದ್ನಿ. ಅಷ್ಟ ಸ್ವಚ್ಛ ಕಡ್ಲಿ ನಮ್ಮ ಮನ್ಯಾಗ ಮತ್ತ ಯಾವಾಗ್ಲೂ ಆಗಲಿಲ್ಲ.

ಜಾಸ್ತಿ ಆಯಿಲ್ ತಗದು, ಫಿಲ್ಟರ್ ತೊಳದು, ಪ್ಲಗ್ ಒರಸಿ ಕೊಟ್ಟ ಮಿಸ್ತ್ರಿ. ಕಾರು ಹೊಗಿ ಬಿಡೂದು ನಿಂತಿತು.

ಎರಡ ತಿಂಗಳ ಆದ ಮ್ಯಾಲ ಬೇವಿನ ಗಿಡದ ಕೆಳಗಿನ ಶೆಡ್ಡು ಖಾಲಿ ಆತು. ಮಿಸ್ತ್ರಿ ಝಳಕಿಗೆ ಹೋಗಿ ಹೈವೇ ಮಗ್ಗಲ ಕುಂತ. ಯಾಕ ಅಂತ ಕೇಳಿದ್ರ, "ಅಲ್ಲಿ ಲಾರಿ ಭಾಳ ಬರ್ತಾವ್ರಿ ಅಕ್ಕಾರ" ಅಂದ. ನಂಬಿದ್ನಿ. ನಂಬಿದ್ರ ನನಗ ಹಗರಾಗತಿತ್ತು, ಅದಕ್ಕ ನಂಬಿದ್ನಿ.

ಆಯಿಲ್ ಬದಲಿಗೆ ಅಂತ ನಾವು ಝಳಕಿಗೇ ಹೋಗಾಕ ಹತ್ತಿದ್ವಿ. ಅರ್ಧಾ ದಿನಾ ಹೋಗತಿತ್ತು. ನಾನೂ ಹೋಗತಿದ್ನಿ, ಸಕ್ರಿ ಇಲ್ಲದ ಚಹಾ ಥರ್ಮಾಸಿನ್ಯಾಗ ತಗೊಂಡು. ಟೈರಿನ ಮ್ಯಾಲ ಕುಂತು ಕೇಳತಿದ್ನಿ, ಅಂವಾ ಹೇಳತಿದ್ದ. ರಾತ್ರಿ ನಿಂತ ಕಾರು ಮುಂಜಾನೆ ಚಾಲೂ ಮಾಡಿದಾಗ ಅಷ್ಟ ಒಂದ ಸಲ ಹೊಗಿ ಬಿಟ್ಟು ಸುಮ್ಮನಾದ್ರ ಮ್ಯಾಲಿನ ವಾಲ್ವಿನ ಸೀಲ್ ಹೋಗೇತಿ. ದಿನ್ನಿ ಏರಾಕ ಜಗ್ಗೂ ಮುಂದ ಹೊಗಿ ಬಂದ್ರ ರಿಂಗ್. ಮಗಳನ್ನ ಮುದ್ದೇಬಿಹಾಳಕ್ಕ ಕೊಟ್ಟ ಮ್ಯಾಲ, ಅಲ್ಲಿ ಬೀಗರ ಕಾರು ಮುಂಜಾನೆ ನೀಲಿ ಹೊಗಿ ಬಿಡೂದು ನೋಡಿ ನಾ "ಸೀಲ್ ನೋಡಸ್ರಿ, ಇಂಜಿನ್ ಬಿಚ್ಚಬ್ಯಾಡ್ರಿ" ಅಂದ್ನಿ. ಬೀಗರು ಮೀಸಿ ಒಳಗ ನಕ್ರು. ಬಾಗೇವಾಡ್ಯಾಗ ತೋರಿಸಿದ್ರು, ಸೀಲ ಅಂತ ಹೇಳಿದ್ರಂತ. ಆಮ್ಯಾಲ ಬೀಗರು ನನ್ನ ಮುಂದ ಕಾರಿನ ಮಾತ ತಗೀಲಿಲ್ಲ. ಮಿಸ್ತ್ರಿಗೆ ಹೇಳಿದ್ನಿ. ಅಂವಾ ಅವತ್ತ ನಗಲಿಲ್ಲ. "ಮೊದಲ ನೋಡೀರಲ್ಲ, ಸಾಕು" ಅಂದ.

ಎರಡ ಸಾವಿರದ ಆರೋ ಏಳೋ, ಮಿಸ್ತ್ರಿಯ ಸಕ್ರಿ ಬ್ಯಾನಿ ಕಾಲಿಗೆ ಇಳೀತು. ಕಾಲಿಂದ ಮ್ಯಾಲ ಏರಿತು. ನಾವು ಹೋಗೂದ್ರಾಗ ಮಣ್ಣ ಮಾಡಿ ಬಂದಿದ್ರು. ಅವ್ರ ಮನ್ಯಾಕಿ ನನ್ನ ಕೈ ಹಿಡದು ಕುಂಡ್ರಿಸಿಕೊಂಡ್ಲು. ಮಾತಿನ್ಯಾಗ ಮಾತ ಬಂದು, "ಇಂಡಿ ಬಿಟ್ಟು ಬರಬಾರದಿತ್ತ್ರಿ, ಅಲ್ಲಿ ದವಾಖಾನಿ ಸನೇ ಇತ್ತು" ಅಂದ್ಲು.

"ಲಾರಿ ಭಾಳ ಅಂತ ಬಂದ್ರಲ್ಲ" ಅಂದ್ನಿ.

ಆಕಿ ನನ್ನ ಮಾರಿ ನೋಡಿದ್ಲು. "ಹಿರ್ಯಾರು ಕೂಡೂ ಹಿಂದಿನ ದಿನಾ ನಿಮ್ಮ ಭಾವಾರು ಗ್ಯಾರೇಜಿಗೆ ಬಂದಿದ್ರು. ಇಂಜಿನ್ ಚಲೋ ಐತಿ ಅಂತ ಅಷ್ಟ ಹೇಳಿ ಬಾ, ಇಳಿಜಾರ, ಸಪಾಟ ಅಂತ ಒಂದ ಮಾತ ಬಂದ್ರ ಶೆಡ್ಡು ಖಾಲಿ ಮಾಡು ಅಂದ್ರು. ನಮ್ಮವ್ರು ಮನಿಗೆ ಬಂದು, ಸಾಮಾನ ಕಟ್ಟಾಕ ಖಾಲಿ ಚೀಲ ಅದಾವೇನು ಅಂತ ಕೇಳಿದ್ರು. ಅವತ್ತ ಕೇಳಿದ್ರು. ನಿಮಗ ಹೇಳಬ್ಯಾಡ ಅಂದಿದ್ರು."

ಅಂದ್ರ ಸೋಮವಾರ ಅಂವಾ ಕಡ್ಡಿ ಹಿರಿಯೂ ಮುಂದ ಎಲ್ಲಾ ಗೊತ್ತಿತ್ತು. ನಾ ಅವತ್ತ ಓಣಿ ನಗೂದನ್ನ ದೊಡ್ಡ ತ್ಯಾಗ ಮಾಡಿನಿ ಅಂತ ತಿಳಕೊಂಡಿದ್ನಿ. ಅಂವಾ ಶೆಡ್ಡು, ಗಿಡದ ನೆಳ್ಳು, ಇಪ್ಪತ್ತ ವರ್ಷದ ಗಿರಾಕಿ ಎಲ್ಲಾ ಕೊಟ್ಟು ನನ್ನ ಗ್ವಾಡಿ ಒಡಿಸಿದ್ದ. ಆ ಜಾಗಾ ಯಾರದು ಅಂತ ನಾ ಅವತ್ತ ಒಂದ ಸಲ ಇಚಾರ ಮಾಡಿದ್ರ ಅಂವನ್ನ ಕರೀತಿರ್ಲಿಲ್ಲ. ಈ ಮಾತ ನಾ ಯಾರ ಮುಂದೂ ಆಡಿಲ್ಲ, ಇಲ್ಲಿ ಬರ್ದೇನಿ.

ಇಂಡಿಗೆ ಬಂದು ಚಪ್ಪಲಿ ಸೈತ ಬಿಡದ ಭಾವಾನ ಮುಂದ ಹೋಗಿ ನಿಂತ್ನಿ. "ಮಿಸ್ತ್ರಿನ ನೀವ ಬಿಡಿಸಿದ್ರೇನು?"

"ನನ್ನ ಜಾಗಾ, ನಾ ಬಿಡಿಸಿದೆ" ಅಂದ.

ಜಾಗಾ ಅಂವಂದ ಇತ್ತು. ತೀರ್ಮಾನ ಮಾಡಿದ ಹಿರ್ಯಾರ ಪೈಕಿ ಇಬ್ಬರು ಹೋಗಿಬಿಟ್ಟಿದ್ರು, ಉಳಿದವ್ರಿಗೆ ಕಿವಿ ಕೇಳಸ್ತಿರ್ಲಿಲ್ಲ.

ಅಷ್ಟರಾಗ ಆ ಜಾಗಾದಾಗ ಭಾವಾ ದೊಡ್ಡ ಕಾಂಪ್ಲೆಕ್ಸ್ ಎಬ್ಬಿಸಿದ್ದ. ಬೇವಿನ ಗಿಡಾ ಕಡಸಿದ್ದ. ಮ್ಯಾಲ ತನ್ನ ಹೆಸರ ಹಾಕಿಸಿದ್ದ, ಒಂದೊಂದ ಅಕ್ಷರ ಕೂಸಿನಷ್ಟ ದೊಡ್ಡು, ಲೈಟ್ ಬ್ಯಾರೆ. ಆದ್ರ ಆಟೋದವ್ರು ಮಾತ್ರ ಆ ಸ್ಟಾಪಿಗೆ ಮಿಸ್ತ್ರಿ ಗ್ಯಾರೇಜ್ ಅಂತನ ಅಂತಿದ್ರು, ರೂಢಿಯಿಂದ. ನನಗ ಅದ ಸಾಕಾತು. ಇಂಥ ಮಾತ ನೀರ ಹಾಕದಿದ್ರ ಒಣಗತಾವು, ಅದಕ್ಕ ನಾ ಹಾಕಾಕ ಹತ್ತಿದ್ನಿ. ಆಟೋ ಹತ್ತಿದ್ರ ಮಿಸ್ತ್ರಿ ಗ್ಯಾರೇಜ್ ಕಡೆ ಬಿಡಪಾ. ಸಂಬಂಧಿಕರಿಗೆ ದಾರಿ ಹೇಳೂದಿದ್ರ ಮಿಸ್ತ್ರಿ ಗ್ಯಾರೇಜ್ ಹಿಂದಿನ ಓಣಿ. ಮೊಮ್ಮಕ್ಕಳಿಗೂ ಅದ ಕಲಿಸಿದ್ನಿ, ಭಾವಾನ ಮೊಮ್ಮಕ್ಕಳಿಗೂ ಉಂಡಿ ಕೊಟ್ಟು ಅದ ಕಲಿಸಿದ್ನಿ. ಹೊಸಾ ಆಟೋ ಹುಡುಗರು ಕಾಂಪ್ಲೆಕ್ಸ್ ಹೆಸರ ಹೇಳಿದ್ರ "ಅದೆಲ್ಲಿ ಬರತೈತೋ ಯಪ್ಪಾ, ನನಗ ಗೊತ್ತಿಲ್ಲ" ಅಂತ ಇಳದ ಬಿಡತಿದ್ನಿ. ಒಮ್ಮೆ ಬಿಸಲಾಗ ಬರಿಗಾಲಿಲೆ ನಡದ ಬಂದೇನಿ, ಚಪ್ಪಲಿ ಹರದಿತ್ತು. ಹೆಸರ ಮಾತ್ರ ಬದಲಿ ಮಾಡಿಲ್ಲ.

ಹೋದ ತಿಂಗಳ ಭಾವಾ ಕಣ್ಣ ತೋರಸಾಕ ಹೋಗೂದಿತ್ತು. ಅಂಗಳದಾಗ ನಿಂತು ಆಟೋದವಂಗ ಫೋನ್ ಹಚ್ಚಿದ್ದ. ನಾ ಸನೇ ಕುಂತು ಮೆಣಸಿನಕಾಯಿ ತೊಟ್ಟ ಬಿಡಸಾಕತ್ತಿದ್ನಿ. ಅಂವಾ ತನ್ನ ಕಾಂಪ್ಲೆಕ್ಸ್ ಹೆಸರ ಹೇಳಿದ. ಆಟೋದವಂಗ ತಿಳೀಲಿಲ್ಲ. ಮತ್ತ ಹೇಳಿದ, ತನ್ನ ಹೆಸರಿನ ಒಂದೊಂದ ಅಕ್ಷರ ಬಿಡಿಸಿ ಬಿಡಿಸಿ. ತಿಳೀಲಿಲ್ಲ. ಕಡೀಕ ಮಾರಿ ಆ ಕಡೆ ತಿರುಗಿಸಿ, ಬಾಯಾಗ ಏನೋ ಗುಣುಗುಟ್ಟಿದ.

"ಭಾವಾರ, ನಿಮ್ಮ ದನಿ ಸಣ್ಣದಾಗೇತಿ" ಅಂದ್ನಿ. "ಅಂವಗ ಕೇಳಸಿಲ್ಲ ಕಾಣತೈತಿ."

ಅಂವಾ ನನ್ನ ಕಡೆ ನೋಡಿದ. ಫೋನಿನ್ಯಾಗ ಆಟೋದಂವ ಇನ್ನೂ ಹಲೋ, ಹಲೋ, ಎಲ್ಲಿಗೆ ಬರ್ಲಿ ಅಂತ ಒದರಾಕತ್ತಿದ್ದ. ಭಾವಾ ಗಂಟಲ ಸರಿ ಮಾಡ್ಕೊಂಡ. ಈ ಸಲ ಇಡೀ ಓಣಿಗೆ ಕೇಳುವಂಗ ಹೇಳಿದ.

"ಮಿಸ್ತ್ರಿ ಗ್ಯಾರೇಜ್."